ಜಾಲತಾಣ ಯಾರ ಕಣ್ಣಿಗೆ?

ಜಾಲತಾಣ ಕಟ್ಟುವುದು ಇಂಜಿನಿಯರಿಂಗ್ ಓದಿದವರ ಕಸಬು, ಬಿ.ಎ. ಓದುವವರಿಗೆ ಅಲ್ಲಿ ಕೆಲಸವಿಲ್ಲ ಎಂಬ ಭಾವನೆ ನಮ್ಮ ಕಾಲೇಜಿನ ವಿದ್ಯಾರ್ಥಿಗಳಲ್ಲಿ ಬೇರೂರಿದೆ. ಮನ್ನಿಸಬೇಕು, ಅಧ್ಯಾಪಕರಲ್ಲಿಯೂ ಕೆಲವರಿಗೆ ಹಾಗೆಯೇ ಅನ್ನಿಸಿರುವುದನ್ನು ನಾನು ಬಲ್ಲೆ. ಈ ಭಾವನೆಯಿಂದಾಗಿ ಇತಿಹಾಸ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡ ಎಂದು ಓದುತ್ತಿರುವ ನಮಗೆ ತುತ್ತಿನ ದಾರಿಯೊಂದು ತಪ್ಪಿಹೋಗುತ್ತಿದೆ. ಅದು ನಮ್ಮ ಪಾಲಿನ ನಷ್ಟ ಎಂದು ಸುಮ್ಮನಿರಬಹುದಾಗಿತ್ತು. ಆದರೆ ಮಾತು ಬಲ್ಲವರು ದೂರ ನಿಂತುದರಿಂದ, ಆ ಜಾಲತಾಣಗಳನ್ನು ಮೊಬೈಲಿನಲ್ಲಿ ತೆರೆದು ನೋಡುವ ಸಾಮಾನ್ಯ ಜನರಿಗೆ ಅದಕ್ಕಿಂತ ಹೆಚ್ಚಿನ ನಷ್ಟವಾಗುತ್ತಿದೆ ಎಂಬುದು ನನ್ನ ವಾದ. ಅದನ್ನು ನನಗೆ ತಿಳಿದ ಮಟ್ಟಿಗೆ ಇಲ್ಲಿ ನಿವೇದಿಸುತ್ತೇನೆ.

ಇದನ್ನು ಹೇಳಲು ನಿನಗೇನು ಅಧಿಕಾರ ಎಂದು ಯಾರಾದರೂ ಕೇಳಬಹುದು; ಕೇಳುವುದು ನ್ಯಾಯವೇ. ನಮ್ಮ ಮನೆತನದಲ್ಲಿ ಬಿ.ಎ. ತರಗತಿಯ ಬಾಗಿಲು ಕಂಡವಳು ನಾನೇ ಮೊದಲು. ತಂದೆಯವರು ಅಡಿಕೆ ಮಂಡಿಯಲ್ಲಿ ಹಮಾಲಿ ಕೆಲಸ ಮಾಡುತ್ತಾರೆ. ಫೀಜು, ಪುಸ್ತಕ, ಬಸ್ಸಿನ ಖರ್ಚುಗಳಿಗೆಂದು ಎರಡನೆಯ ವರ್ಷದಿಂದ ನಾನು ಸಂಜೆಯ ಮೂರು ಗಂಟೆ ಹೊತ್ತು ಊರಿನ ಒಂದು ಸಣ್ಣ ಸಂಸ್ಥೆಯಲ್ಲಿ ದುಡಿಯುತ್ತಿದ್ದೇನೆ. ಅದರ ಬಾಗಿಲ ಮೇಲೆ ‘ಕ್ರಿಯೇಟಿವ್ ಏಜೆನ್ಸಿ’ ಎಂದು ಬರೆದಿದೆ. ಹಿಂದೆ ಲಗ್ನಪತ್ರಿಕೆ, ಫ್ಲೆಕ್ಸು, ಅಂಗಡಿ ಬೋರ್ಡುಗಳನ್ನು ಮಾಡಿಕೊಂಡಿದ್ದ ಸಂಸ್ಥೆ. ಈಗ ಅವುಗಳ ಜೊತೆಗೆ ಊರಿನ ಆಸ್ಪತ್ರೆ, ಬಟ್ಟೆ ಅಂಗಡಿ, ಕಲ್ಯಾಣಮಂಟಪಗಳಿಗೆ ಜಾಲತಾಣವನ್ನೂ ಕಟ್ಟಿಕೊಡುತ್ತದೆ. ಮಾಲೀಕರು, ಪುಟದ ಚಿತ್ರ ಬಿಡಿಸುವ ಡಿಸೈನರ್ ಒಬ್ಬರು, ಆ ಚಿತ್ರವನ್ನು ಕಂಪ್ಯೂಟರಿನ ಭಾಷೆಗೆ ಇಳಿಸುವ ಡೆವಲಪರ್ ಒಬ್ಬರು, ‘ಕಂಟೆಂಟ್’ ಬರೆಯುವ ನಾನು, ಇಷ್ಟೇ ಮಂದಿ. ನನ್ನ ಕುರ್ಚಿ ಬಾಗಿಲ ಪಕ್ಕದಲ್ಲಿದೆ. ಗಿರಾಕಿಗೆ ಚಹಾ ತರಿಸಬೇಕಾದಾಗ ಎಲ್ಲರ ಕಣ್ಣೂ ಮೊದಲು ಅಲ್ಲಿಗೇ ಹೊರಳುತ್ತದೆ.

ಕೆಲಸ ನಡೆಯುವ ಕ್ರಮವನ್ನು ಸ್ವಲ್ಪ ವಿವರಿಸಬೇಕು. ಏಕೆಂದರೆ ದೋಷವಿರುವುದು ಆ ಕ್ರಮದಲ್ಲಿಯೇ. ಗಿರಾಕಿ ಬರುತ್ತಾರೆ. ಮಾಲೀಕರು ಗೋಡೆಯ ದೊಡ್ಡ ಟಿ.ವಿ.ಯಲ್ಲಿ ಮುಂಬಯಿಯದೋ ಅಮೆರಿಕದ್ದೋ ನಾಲ್ಕಾರು ಜಾಲತಾಣಗಳನ್ನು ತೋರಿಸುತ್ತಾರೆ. “ಇಂಥದೇ ಬೇಕು” ಎನ್ನುತ್ತಾರೆ ಗಿರಾಕಿ. ಡಿಸೈನರ್ ‘ಫಿಗ್ಮಾ’ ಎಂಬ ತಂತ್ರಾಂಶದಲ್ಲಿ ಪುಟದ ಚಿತ್ರವನ್ನು ಬಿಡಿಸುತ್ತಾರೆ. ಗಿರಾಕಿ ಮತ್ತೆ ಬಂದು ಅದೇ ಟಿ.ವಿ.ಯ ಮುಂದೆ ಕುಳಿತು, ಹಸಿರು ಬಣ್ಣ ಇನ್ನಷ್ಟು ಗಾಢವಾಗಲಿ, ತಮ್ಮ ಲೋಗೋ ಇನ್ನಷ್ಟು ದೊಡ್ಡದಾಗಲಿ ಎಂದು ಹೇಳಿ ಒಪ್ಪಿಗೆ ಕೊಡುತ್ತಾರೆ. ಬಳಿಕ ಡೆವಲಪರ್ ಅದನ್ನು ‘ವರ್ಡ್‌ಪ್ರೆಸ್’ ಮೇಲೆ ನಿಲ್ಲಿಸುತ್ತಾರೆ. ೨೦೦೩ರಲ್ಲಿ ಹುಟ್ಟಿದ ಈ ತಂತ್ರಾಂಶವನ್ನು ಯಾರು ಬೇಕಾದರೂ ಹಣ ಕೊಡದೆ ಬಳಸಬಹುದು. ಇಂದು ಜಗತ್ತಿನ ಜಾಲತಾಣಗಳಲ್ಲಿ ನೂರಕ್ಕೆ ನಲವತ್ತಕ್ಕಿಂತ ಹೆಚ್ಚಿನವು ಇದರ ಮೇಲೆಯೇ ನಿಂತಿವೆ. ಎಲ್ಲ ಮುಗಿದ ಮೇಲೆ, ನಾಳೆ ಬೆಳಗ್ಗೆ ಬಿಡುಗಡೆ ಎನ್ನುವಾಗ, ನನಗೆ ಕರೆ ಬರುತ್ತದೆ: “ಎಲ್ಲ ರೆಡಿ ಇದೆ, ಮಾತು ತುಂಬಿಸಿಬಿಡಮ್ಮ.”

ಮಾತು ತುಂಬಿಸುವುದು! ಚೀಲಕ್ಕೆ ಹೊಟ್ಟು ತುಂಬಿದ ಹಾಗೆ. ಅಲ್ಲಿಯವರೆಗೆ ಆ ಪುಟದಲ್ಲಿ ಮಾತಿನ ಜಾಗದಲ್ಲಿ ಏನಿತ್ತು ಎಂದು ನೀವು ಕೇಳಬಹುದು. ಇದ್ದುದು ಲ್ಯಾಟಿನ್! ‘ಲೋರೆಮ್ ಇಪ್ಸುಮ್’ ಎಂದು ಆರಂಭವಾಗುವ, ಓದಿದರೆ ಅರ್ಥವೇ ಆಗದ ಒಂದು ಹುಸಿ ಬರಹವನ್ನು ಜಗತ್ತಿನ ಡಿಸೈನರುಗಳೆಲ್ಲರೂ ಮಾತಿನ ಬದಲಿಗೆ ಸುರಿದಿಡುತ್ತಾರೆ. ಅದರ ಕಥೆ ಸ್ವಾರಸ್ಯವಾಗಿದೆ. ೧೯೬೦ರ ದಶಕದಲ್ಲಿ ‘ಲೆಟ್ರಾಸೆಟ್’ ಎಂಬ ಕಂಪನಿ ತನ್ನ ಅಕ್ಷರದ ಹಾಳೆಗಳಲ್ಲಿ ಇದನ್ನು ಬಳಸಿತು. ೧೯೮೦ರ ದಶಕದಲ್ಲಿ ಪುಟ ಜೋಡಿಸುವ ಕಂಪ್ಯೂಟರ್ ತಂತ್ರಾಂಶಗಳಿಗೂ ಬಂತು. ಅರ್ಥವಿಲ್ಲದ ಅಕ್ಷರಗಳೆಂದೇ ಎಲ್ಲರೂ ನಂಬಿದ್ದರು. ಅಮೆರಿಕದ ವರ್ಜೀನಿಯದ ಒಂದು ಕಾಲೇಜಿನಲ್ಲಿದ್ದ ಲ್ಯಾಟಿನ್ ವಿದ್ವಾಂಸ ರಿಚರ್ಡ್ ಮೆಕ್ಲಿಂಟಾಕ್ ಎಂಬವರು ಅದರ ಒಂದು ಪದದ ಜಾಡು ಹಿಡಿದು, ಇದು ಕ್ರಿಸ್ತಪೂರ್ವ ೪೫ರಲ್ಲಿ ಸಿಸೆರೋ ಬರೆದ ನೀತಿಶಾಸ್ತ್ರದ ಗ್ರಂಥವೊಂದರ ಚಿಂದಿ ಎಂದು ತೋರಿಸಿಕೊಟ್ಟರು. ಮೂಲದಲ್ಲಿ ಅದು ಸುಖದುಃಖಗಳ ಜಿಜ್ಞಾಸೆ. ‘ಲೋರೆಮ್’ ಎಂಬುದು ನೋವು ಎಂಬರ್ಥದ ಪದದ ತಲೆ ಕತ್ತರಿಸಿ ಉಳಿದ ಮುಂಡ. ಲಕ್ಷಾಂತರ ಡಿಸೈನರುಗಳು ದಿನವೂ ಕಣ್ಣ ಮುಂದೆ ಇಟ್ಟುಕೊಂಡಿದ್ದುದರ ಅರ್ಥವನ್ನು ಕಂಡುಹಿಡಿದವರು ಭಾಷೆಯ ಮೇಷ್ಟ್ರೊಬ್ಬರು ಎಂಬುದನ್ನು ನಮ್ಮ ಕನ್ನಡ ವಿಭಾಗದವರು ದಯವಿಟ್ಟು ಗಮನಿಸಬೇಕು.

ಹುಸಿ ಮಾತಿಗೆ ಅಳತೆ ತೆಗೆದು ಹೊಲಿದ ಅಂಗಿ ನಿಜವಾದ ಮಾತಿಗೆ ಹೊಂದೀತೆ? ಲ್ಯಾಟಿನ್ ಅಕ್ಷರಗಳು ಒಂದು ಗೆರೆಯ ಮೇಲೆ ಸಾಲಾಗಿ ಕುಳಿತುಕೊಳ್ಳುತ್ತವೆ. ನಮ್ಮ ಅಕ್ಷರಗಳಿಗೆ ತಲೆಕಟ್ಟುಂಟು, ಕೊಂಬುಂಟು, ಕೆಳಗೆ ಒತ್ತಕ್ಷರವುಂಟು. ಕೆಲವೊಮ್ಮೆ ಒತ್ತಿನ ಕೆಳಗೆ ಇನ್ನೊಂದು ಒತ್ತೂ ಉಂಟು. ಲ್ಯಾಟಿನ್ನಿಗೆ ಸಾಕಾಗುವ ಸಾಲಿನ ಎತ್ತರ ಕನ್ನಡಕ್ಕೆ ಸಾಲದು. ಚೌಕದ ಎತ್ತರವನ್ನು ಬಿಗಿಯಾಗಿ ಕಟ್ಟಿಟ್ಟರೆ ಕೆಳಗಿನ ಒತ್ತು ಕತ್ತರಿಸಿಹೋಗುತ್ತದೆ. ಆಗ ‘ಹಳ್ಳಿ’ ಎಂಬುದು ‘ಹಳಿ’ಯಾಗುತ್ತದೆ; ‘ಬೆಲ್ಲ’ ‘ಬೆಲ’ವಾಗುತ್ತದೆ; ‘ಕನ್ನಡ’ವೇ ‘ಕನಡ’ವಾಗುತ್ತದೆ. ಒಮ್ಮೆ ಇಂಥದೊಂದು ಪುಟವನ್ನು ತಂದೆಯವರಿಗೆ ತೋರಿಸಿದಾಗ ಅವರು ಅಕ್ಷರ ಅಕ್ಷರವಾಗಿ ಕೂಡಿಸಿ ಓದಿ, “ರೈಲಿಂದೇನಮ್ಮ ಇದು?” ಎಂದು ಕೇಳಿದರು. ಇಂಗ್ಲಿಷಿನ ಗುಂಡಿಯಲ್ಲಿ ಐದಕ್ಷರದ ಪದವಿದ್ದ ಕಡೆ ಕನ್ನಡದ ‘ಸಂಪರ್ಕಿಸಿ’ ಎಂಬುದು ಗುಂಡಿಯ ಹೊರಗೆ ಚಾಚಿ ನಿಲ್ಲುತ್ತದೆ. ಆಗ ಡೆವಲಪರ್ ನನ್ನತ್ತ ತಿರುಗಿ, ಇದಕ್ಕಿಂತ ಚಿಕ್ಕ ಪದ ಇಲ್ಲವೇ ಎನ್ನುತ್ತಾರೆ. ಪುಟವನ್ನು ಮಾತಿಗೆ ಹೊಂದಿಸುವ ಬದಲು ಮಾತನ್ನು ಪುಟಕ್ಕೆ ಕತ್ತರಿಸುವುದು ವಾಡಿಕೆಯಾಗಿಬಿಟ್ಟಿದೆ.

ಒಂದು ನಿದರ್ಶನವನ್ನು ವಿವರವಾಗಿ ಹೇಳುತ್ತೇನೆ. ಅಡಿಕೆ, ತೆಂಗು, ಮೆಣಸಿನ ಸಸಿಗಳನ್ನು ಬೆಳೆಸಿ ಮಾರುವ ಒಬ್ಬರು ಯಜಮಾನರು ನಮ್ಮಲ್ಲಿಗೆ ಬಂದರು. ಒಳ್ಳೆಯ ಮನುಷ್ಯರು, ಸಸಿಯ ವಿಷಯದಲ್ಲಿ ಅವರಷ್ಟು ಬಲ್ಲವರು ಸುತ್ತಮುತ್ತ ಕಡಮೆ. ಅವರಿಗೆ ಬೇಕಾಗಿದ್ದುದು ಬೆಂಗಳೂರಿನ ರೆಸಾರ್ಟಿನಂಥ ಜಾಲತಾಣ. ತೆರೆದೊಡನೆ ಡ್ರೋನಿನಿಂದ ತೆಗೆದ ತೋಟದ ಚಲನಚಿತ್ರ ಓಡಬೇಕು, ಅದರ ಮೇಲೆ ಇಂಗ್ಲಿಷಿನಲ್ಲಿ ಎರಡು ಸಾಲು ತೇಲಿಬರಬೇಕು. “ಬೆಂಗಳೂರಿನೋರು ನೋಡಿದ್ರೆ ಭೇಷ್ ಅನ್ಬೇಕು” ಎಂದರು. ಚಹಾ ಕೊಡಲು ಹೋಗಿದ್ದ ನಾನು, “ಸಾರ್, ಸಸಿ ತಗೊಳ್ಳೋಕೆ ಬೆಂಗಳೂರಿನೋರು ಬರ್ತಾರಾ?” ಎಂದು ಕೇಳಿದೆ. ಮಾಲೀಕರು ನನ್ನನ್ನು ನೋಡಿದ ನೋಟವನ್ನು ಇಲ್ಲಿ ವರ್ಣಿಸುವುದು ಬೇಡ. ಯಜಮಾನರು ಮಾತ್ರ ನಕ್ಕು, “ಇಲ್ಲಮ್ಮ, ಬರೋರೆಲ್ಲ ಚನ್ನಗಿರಿ, ಹೊನ್ನಾಳಿ ಕಡೆಯೋರೇ” ಎಂದರು.

ಆ ಕಡೆಯ ರೈತನಿಗೆ ಏನು ಬೇಕು? ಮುಂಗಾರು ಹಿಡಿಯುವ ಹೊತ್ತಿಗೆ ಅವನು ಗದ್ದೆಯ ಬದುವಿನಲ್ಲಿ ನಿಂತು ಮೊಬೈಲು ತೆರೆಯುತ್ತಾನೆ. ವಿಟ್ಲದ ಸಂಶೋಧನ ಕೇಂದ್ರದ ಮಂಗಳ, ಸುಮಂಗಳ ತಳಿಗಳು ಇವೆಯೇ, ಮೋಹಿತ್‌ನಗರ ಇದೆಯೇ, ಇಲ್ಲ ನಾಟಿ ತಳಿ ಮಾತ್ರವೇ? ಸಸಿಗೆ ಎಷ್ಟು ತಿಂಗಳಾಗಿದೆ? ಒಂದಕ್ಕೆ ಬೆಲೆ ಎಷ್ಟು? ಈ ವಾರ ಸಿಗುತ್ತದೆಯೇ, ಮುಗಿದಿದೆಯೇ? ಗಾಡಿ ಎಲ್ಲಿಯವರೆಗೆ ಹೋಗುತ್ತದೆ? ಇಷ್ಟೇ ಅವನ ಪ್ರಶ್ನೆಗಳು. ಎಲ್ಲಕ್ಕೂ ಕನ್ನಡದಲ್ಲಿ ಉತ್ತರ ಬರೆದರೆ ಎರಡು ಸಾವಿರ ಅಕ್ಷರ ಮೀರುವುದಿಲ್ಲ. ಕಂಪ್ಯೂಟರಿನ ಲೆಕ್ಕದಲ್ಲಿ ಕನ್ನಡದ ಒಂದೊಂದು ಅಕ್ಷರ ಸಂಕೇತಕ್ಕೆ ೩ ಬೈಟು ಜಾಗ ಬೇಕು. ಅಂದರೆ ೬,೦೦೦ ಬೈಟು, ಸುಮಾರು ೬ ಕೆ.ಬಿ. ಸಿಗ್ನಲ್ಲಿನ ಒಂದೇ ಕಡ್ಡಿ ಇದ್ದರೂ ಅದು ಕಣ್ಣು ಮಿಟುಕಿಸುವುದರಲ್ಲಿ ಬಂದು ಮುಟ್ಟುತ್ತದೆ. ನಾವು ಕಟ್ಟಿಕೊಟ್ಟ ಪುಟದ ಚಲನಚಿತ್ರವೊಂದೇ ಅದರ ಸಾವಿರಪಾಲಿಗೂ ಮಿಕ್ಕಿ ತೂಗುತ್ತಿತ್ತು. ಅದು ಇಳಿದು ಬರುವವರೆಗೆ ರೈತನ ಮುಂದೆ ಬಿಳಿಯ ತೆರೆಯಲ್ಲಿ ಒಂದು ಚಕ್ರ ಸುತ್ತುತ್ತಿರುತ್ತದೆ. ಅವನು ಫೋನನ್ನು ಜೇಬಿಗಿಟ್ಟು ಪರಿಚಯದವರ ನರ್ಸರಿಗೆ ಹೋಗುತ್ತಾನೆ.

ಇದು ನಮ್ಮೂರಿನ ರೋಗ ಮಾತ್ರವಲ್ಲ. ಟಿಮ್ ಬರ್ನರ್ಸ್-ಲೀ ಎಂಬ ಇಂಗ್ಲಿಷ್ ವಿಜ್ಞಾನಿ ಜಿನೀವದ ಬಳಿಯ ಸರ್ನ್ ಸಂಶೋಧನಾಲಯದಲ್ಲಿ ೧೯೮೯ರಲ್ಲಿ ಈ ಜಾಲದ ಕಲ್ಪನೆಯನ್ನು ಮುಂದಿಟ್ಟರು. ೧೯೯೧ರಲ್ಲಿ ಹೊರಲೋಕಕ್ಕೆ ತೆರೆದ ಮೊದಲ ಜಾಲತಾಣದಲ್ಲಿ ಇದ್ದುದು ಬರಿಯ ಬರಹ ಮತ್ತು ಒಂದು ಬರಹದಿಂದ ಇನ್ನೊಂದಕ್ಕೆ ಹೋಗುವ ಕೊಂಡಿಗಳು. ಅದರ ಪ್ರತಿರೂಪವನ್ನು ಇಂದಿಗೂ ಯಾರು ಬೇಕಾದರೂ ನೋಡಬಹುದು. ೧೯೯೩ರ ಏಪ್ರಿಲ್ ೩೦ರಂದು ಸರ್ನ್ ಆ ತಂತ್ರಾಂಶವನ್ನು ಸಾರ್ವಜನಿಕರ ಸೊತ್ತಾಗಿ ಬಿಟ್ಟುಕೊಟ್ಟಿತು. ಹಾಗೆ ಬಿಟ್ಟುಕೊಡದಿದ್ದರೆ ನಮ್ಮಂಥ ಊರಿನ ನಾಲ್ಕು ಕುರ್ಚಿಗಳ ಸಂಸ್ಥೆ ಈ ಕಸಬಿಗೆ ಇಳಿಯುವುದು ಸಾಧ್ಯವೇ ಇರುತ್ತಿರಲಿಲ್ಲ. ಕೆಲವೇ ಕೆ.ಬಿ.ಗಳ ಆ ಪುಟದಿಂದ ಹೊರಟ ನಾವು, ಮೊಬೈಲಿನ ಸಾಧಾರಣ ಪುಟವೊಂದು ೨ ಎಂ.ಬಿ.ಗಿಂತ ಹೆಚ್ಚು ತೂಗುವ ಸ್ಥಿತಿಗೆ ಬಂದು ನಿಂತಿದ್ದೇವೆ. ಹೇಳಬೇಕಾದ ಮಾತು ಅಷ್ಟರಮಟ್ಟಿಗೆ ಬೆಳೆದಿದೆಯೇ?

ಇನ್ನು ಕನ್ನಡವನ್ನು ಚಿತ್ರವಾಗಿಸುವ ಚಾಳಿ. ಇದರ ಬಗ್ಗೆ ನನಗೆ ನಿಜವಾಗಿ ಸಿಟ್ಟುಂಟು. ಪುಟದಲ್ಲಿ ಇಂಗ್ಲಿಷನ್ನು ಅಕ್ಷರವಾಗಿ ಇಡುತ್ತಾರೆ; ಕನ್ನಡವನ್ನು ಮಾತ್ರ ಬೇರೆಡೆ ಬರೆದು, ಫೋಟೋ ಮಾಡಿ, ಆ ಫೋಟೋವನ್ನು ಅಂಟಿಸುತ್ತಾರೆ. ನೋಡಲು ಕನ್ನಡ, ಕಂಪ್ಯೂಟರಿಗೆ ಅದು ಬಾಳೆಹಣ್ಣಿನ ಚಿತ್ರಕ್ಕೂ ಬೇರೆಯಲ್ಲ. ಹುಡುಕಿದರೆ ಸಿಕ್ಕುವುದಿಲ್ಲ. ನಕಲು ಮಾಡಿ ನೆಂಟರಿಗೆ ಕಳಿಸಲಾಗುವುದಿಲ್ಲ. ಕಣ್ಣು ಮಂಜಾದವರು ಎರಡು ಬೆರಳಿನಿಂದ ಹಿಗ್ಗಿಸಿದರೆ ಅಕ್ಷರ ಕಲಸಿಹೋಗುತ್ತದೆ. ಮಂಗಳೂರಿನ ಬಾಸೆಲ್ ಮಿಷನ್ನಿನವರು ೧೮೪೩ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ತೆಗೆದರೆಂದು ಓದಿದ್ದೇವೆ. ಕಲ್ಲಿನ ಮೇಲೆ ಕೈಯಿಂದ ಬರೆದ ಇಡೀ ಪುಟವೇ ಒಂದು ಚಿತ್ರ. ಒಂದು ಅಕ್ಷರವನ್ನು ಕಿತ್ತು ಇನ್ನೊಂದೆಡೆ ಇಡುವಂತಿಲ್ಲ. ಅವರಿಗೆ ಬೇರೆ ದಾರಿ ಇರಲಿಲ್ಲ. ಅಚ್ಚಿನ ಮೊಳೆಗಳನ್ನು ದಾಟಿ ಕಂಪ್ಯೂಟರಿಗೆ ಬಂದ ನಾವು ಮತ್ತೆ ಕಲ್ಲಚ್ಚಿಗೆ ಹಿಂದಿರುಗುವುದನ್ನು ಪ್ರಗತಿ ಎನ್ನೋಣವೆ?

ಇದಕ್ಕೊಂದು ಕಾರಣವುಂಟು, ಅದನ್ನು ಮರೆಮಾಚಬಾರದು. ನಮ್ಮ ಮುದ್ರಣಾಲಯಗಳೂ ಡಿಸೈನರುಗಳೂ ಬಹುಕಾಲದಿಂದ ಬಳಸುತ್ತಿರುವ ಹಳೆಯ ಮಾದರಿಯ ಕನ್ನಡ ಫಾಂಟುಗಳು ಒಂದು ಉಪಾಯದ ಮೇಲೆ ನಿಂತಿವೆ. ಒಳಗೆ ಇರುವುದು ಯೂರೋಪಿನ ಅಕ್ಷರಗಳು. ಅವುಗಳ ಮೇಲೆ ಕನ್ನಡದ ಮುಖವಾಡ. ಚಿತ್ರ ಮಾಡುವ ದೊಡ್ಡ ತಂತ್ರಾಂಶಗಳಿಗೆ ಒತ್ತಕ್ಷರ ಜೋಡಿಸಲು ಬಾರದಿದ್ದ ಕಾಲದಲ್ಲಿ ಈ ಉಪಾಯ ಕನ್ನಡವನ್ನು ಉಳಿಸಿತು, ಅದನ್ನು ಕಂಡುಹಿಡಿದವರಿಗೆ ಕೃತಜ್ಞರಾಗಿರಬೇಕು. ಆದರೆ ಆ ಬರಹವನ್ನು ನಕಲು ಮಾಡಿ ಜಾಲತಾಣದಲ್ಲಿ ಇಟ್ಟರೆ ಮುಖವಾಡ ಕಳಚಿಬೀಳುತ್ತದೆ. ನುಡಿಯ ಹಳೆಯ ಫಾಂಟಿನಲ್ಲಿ ಬರೆದ ‘ಕನ್ನಡ’ ಎಂಬ ಪದವನ್ನು ಹಾಗೆ ಇಟ್ಟುನೋಡಿ: ಮಧ್ಯದಲ್ಲಿ ಇಂಗ್ಲೆಂಡಿನ ಪೌಂಡು ಹಣದ ಚಿಹ್ನೆ, ಅದರ ಮಗ್ಗುಲಲ್ಲಿ ಜರ್ಮನರ ಒಂದು ಅಕ್ಷರ! ಆದುದರಿಂದ ಡಿಸೈನರ್ ಫೋಟೋ ಮಾಡಿ ಅಂಟಿಸುತ್ತಾರೆ.

ಆದರೆ ಈ ಕಾರಣ ಇಂದಿಗೆ ಸವೆದುಹೋಗಿದೆ. ೧೯೯೧ರಲ್ಲಿ ಹೊರಬಂದ ಯೂನಿಕೋಡ್ ಎಂಬ ಲೋಕಸಾಮಾನ್ಯ ವ್ಯವಸ್ಥೆಯ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆಂದು ೧೨೮ ಮನೆಗಳನ್ನು ಮೀಸಲಿಟ್ಟರು. ಅಲ್ಲಿ ‘ಕ’ ಎಂದರೆ ಜಪಾನಿನಲ್ಲಿಯೂ ‘ಕ’ವೇ. ನೋಟೋ, ಬಾಲೂ ತಮ್ಮ, ಅನೇಕ್ ಎಂಬ ಅಂದವಾದ ಫಾಂಟುಗಳು ಇಂದು ಬೆಲೆಯಿಲ್ಲದೆ ದೊರೆಯುತ್ತವೆ. ಪುಟದ ಮೇಲ್ತುದಿಯಲ್ಲಿ ‘ಈ ಪುಟದ ಭಾಷೆ ಕನ್ನಡ’ ಎಂದು ಯಂತ್ರಕ್ಕೆ ತಿಳಿಸುವ ಎರಡಕ್ಷರದ ಗುರುತೊಂದುಂಟು. ಅದನ್ನು ಹಾಕಲು ಅರ್ಧ ನಿಮಿಷ ಸಾಕು. ಕನ್ನಡ ಪುಟಗಳನ್ನು ತೆರೆದು ಒಳಗಿನ ಬರಹ ನೋಡುವ ಅಭ್ಯಾಸ ನನಗುಂಟು. ಆ ಗುರುತಿನ ಜಾಗದಲ್ಲಿ ಇಂಗ್ಲಿಷ್ ಎಂದೇ ಬರೆದಿರುವುದನ್ನು ಎಷ್ಟೋ ಸಲ ಕಂಡಿದ್ದೇನೆ.

ಆ ಗುರುತಿನಿಂದ ಏನಾಗಬೇಕು ಎನ್ನುವವರು ನಮ್ಮ ತರಗತಿಯ ದೃಷ್ಟಿಹೀನ ಗೆಳೆಯನ ಪಕ್ಕದಲ್ಲಿ ಹತ್ತು ನಿಮಿಷ ಕುಳಿತುಕೊಳ್ಳಬೇಕು. ಅವನು ಮೊಬೈಲಿನ ಓದುವ ದನಿಯ ನೆರವಿನಿಂದ ಪಾಠ ಕೇಳಿಕೊಳ್ಳುತ್ತಾನೆ. ಅಕ್ಷರವಿದ್ದ ಕಡೆ ದನಿ ಓದುತ್ತದೆ. ಭಾಷೆಯ ಗುರುತು ತಪ್ಪಾಗಿದ್ದರೆ ಕನ್ನಡವನ್ನು ಇಂಗ್ಲಿಷ್ ನಾಲಗೆಯಿಂದ ಓದಲು ಹೋಗಿ ತಡವರಿಸುತ್ತದೆ ಅಥವಾ ಸುಮ್ಮನಾಗುತ್ತದೆ. ಅಕ್ಷರದ ಫೋಟೋ ಬಂದ ಕಡೆ ‘ಚಿತ್ರ’ ಎಂದಷ್ಟೇ ಹೇಳಿ ಮುಂದಕ್ಕೆ ಹೋಗುತ್ತದೆ. ಚಿತ್ರದಲ್ಲಿ ಏನಿದೆ ಎಂಬುದನ್ನು ಒಂದು ಸಾಲಿನಲ್ಲಿ ಬರೆದಿಡಬೇಕೆಂಬ ನಿಯಮ ಹೊಸದೇನಲ್ಲ. ಎಲ್ಲರಿಗೂ ಎಟುಕುವಂತೆ ಪುಟ ಕಟ್ಟುವ ಮೊದಲ ಅಂತರರಾಷ್ಟ್ರೀಯ ಸೂತ್ರಗಳು ೧೯೯೯ರಲ್ಲಿಯೇ ಬಂದವು. ನಮ್ಮ ದೇಶದಲ್ಲಿ ೨೦೧೬ರ ವಿಕಲಚೇತನರ ಹಕ್ಕುಗಳ ಕಾಯಿದೆಯೂ ಇದೆ. ಹಾಗಿದ್ದೂ, ‘ವೆಬ್‌ಏಮ್’ ಎಂಬ ಅಮೆರಿಕದ ಸಂಸ್ಥೆ ೨೦೨೪ರಲ್ಲಿ ಹತ್ತು ಲಕ್ಷ ಜಾಲತಾಣಗಳ ಮುಖಪುಟಗಳನ್ನು ಯಂತ್ರದಿಂದ ಪರೀಕ್ಷಿಸಿದಾಗ ನೂರಕ್ಕೆ ೯೫.೯ರಲ್ಲಿ ಈ ಬಗೆಯ ದೋಷಗಳು ಕಂಡುಬಂದವು. ಎಲ್ಲಕ್ಕಿಂತ ಹೆಚ್ಚಾಗಿ ಕಂಡ ದೋಷ ಯಾವುದೆಂದು ಬಲ್ಲಿರಾ? ಹಿನ್ನೆಲೆಯಿಂದ ಎದ್ದುಕಾಣದ ಮಸುಕು ಅಕ್ಷರ. ಬಿಳಿಯ ಮೇಲೆ ತೆಳು ಬೂದು ಬಣ್ಣ, ಟಿ.ವಿ. ಇರುವ ಕೋಣೆಯ ತಂಪಿನಲ್ಲಿ ಅದು ಬಹು ನಾಜೂಕಾಗಿ ಕಾಣಿಸುತ್ತದೆ, ಮಂಡಿಯ ಅಂಗಳದ ಬಿಸಿಲಿನಲ್ಲಿ ಕಾಣಿಸುವುದೇ ಇಲ್ಲ.

ಈ ಮಾತುಗಳನ್ನೆಲ್ಲ ಮಾಲೀಕರ ಮುಂದೆ ಹೇಳಿದ್ದುಂಟು. ಅವರು ಕೊಟ್ಟ ಉತ್ತರವನ್ನೂ ಹೇಳದಿದ್ದರೆ ಅನ್ಯಾಯವಾದೀತು. “ನೋಡಮ್ಮ, ದುಡ್ಡು ಕೊಡೋನು ರೈತನಲ್ಲ, ಯಜಮಾನ. ಅವನ ಕಣ್ಣಿಗೆ ಚೆಂದ ಕಾಣದಿದ್ರೆ ಪಕ್ಕದ ಬೀದಿಗೆ ಹೋಗ್ತಾನೆ. ನಿಂಗೂ ಡಿಸೈನರಿಗೂ ಸಂಬಳ ನಾನು ಎಲ್ಲಿಂದ ಕೊಡ್ಲಿ?” ಈ ವಾದವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಹದಿನೈದು ಸಾವಿರ ರೂಪಾಯಿಗೆ ಒಪ್ಪಿಕೊಂಡ ಕೆಲಸದಲ್ಲಿ ಕೋಣೆಯ ಬಾಡಿಗೆ, ಕರೆಂಟು, ನಾಲ್ವರ ಊಟ ಎಲ್ಲ ಹೊರಡಬೇಕು. ಕನ್ನಡದಲ್ಲಿದ್ದರೆ ಅಂಗಡಿ ಚಿಕ್ಕದಾಗಿ ಕಾಣುತ್ತದೆ ಎಂಬ ಅಂಜಿಕೆ ಗಿರಾಕಿಯದು; ಆ ಅಂಜಿಕೆಯನ್ನು ಹುಟ್ಟಿಸಿದ್ದು ನಮ್ಮ ಮಾಲೀಕರಲ್ಲ. ಆದರೂ ನನ್ನ ಅಭಿಪ್ರಾಯ ಬದಲಾಗಿಲ್ಲ. ಗಿರಾಕಿ ದುಡ್ಡು ಕೊಡುವುದು ತನ್ನ ಗಿರಾಕಿ ಬರಲಿ ಎಂದು. ಟಿ.ವಿ.ಯ ಮುಂದೆ ಅದು ಅವರಿಗೆ ಮರೆತುಹೋಗಿರುತ್ತದೆ. ನೆನಪಿಸುವುದೂ ಸಂಸ್ಥೆಯ ಕೆಲಸದಲ್ಲಿ ಸೇರಿದೆ. ವೈದ್ಯರು ರೋಗಿ ಕೇಳಿದ ಬಣ್ಣದ ಮಾತ್ರೆಯನ್ನೇ ಕೊಡುತ್ತಾರೆಯೇ?

ನರ್ಸರಿಯ ಯಜಮಾನರ ಜಾಲತಾಣ ಏನಾಯಿತೆಂದರೆ, ಬಿಡುಗಡೆಯಾದ ಮೇಲೂ ಫೋನಿನಲ್ಲಿ ಅವೇ ಪ್ರಶ್ನೆಗಳು ಬರುತ್ತಿದ್ದುದನ್ನು ಕಂಡು ಅವರೇ ಒಂದು ದಿನ ಬಂದು, “ಆ ಹುಡುಗಿ ಏನೋ ಹೇಳ್ತಿದ್ಳಲ್ಲ, ಅದನ್ನ ಮಾಡಿಕೊಡಿ” ಎಂದರು. ಈ ಸಲ ಮೊದಲು ಮಾತು. ನಾನು ಅವರ ತೋಟಕ್ಕೆ ಹೋಗಿ ಒಂದು ಮಧ್ಯಾಹ್ನವೆಲ್ಲ ನೆರಳುಬಲೆಯ ಕೆಳಗೆ ಕುಳಿತು, ಸಸಿ ಕೊಳ್ಳಲು ಬಂದವರು ಏನೇನು ಕೇಳುತ್ತಾರೆ, ಯಾವ ಪದಗಳಲ್ಲಿ ಕೇಳುತ್ತಾರೆ ಎಂಬುದನ್ನು ಬರೆದುಕೊಂಡೆ. ‘ಲಭ್ಯತೆ’ ಎಂದು ಒಬ್ಬರೂ ಕೇಳಲಿಲ್ಲ, “ಸಸಿ ಐತಾ?” ಎಂದು ಕೇಳಿದರು. ಪುಟದಲ್ಲಿ ‘ಈ ವಾರ ಇರುವ ಸಸಿ’ ಎಂದೇ ತಲೆಬರಹ ಕೊಟ್ಟೆವು. ಡೆವಲಪರ್ ಬೆಲೆಯ ಪಟ್ಟಿಯನ್ನು ನರ್ಸರಿಯ ಹುಡುಗನೇ ಮೊಬೈಲಿನಿಂದ ತಿದ್ದುವಂತೆ ಮಾಡಿಕೊಟ್ಟರು. ಡಿಸೈನರ್ ಸಾಲುಗಳನ್ನು ಬಿಡಿಬಿಡಿಯಾಗಿ ಇಟ್ಟು, ಒತ್ತಕ್ಷರಗಳಿಗೆ ಕಾಲು ಚಾಚಲು ಎಡೆ ಮಾಡಿದರು. ಅವರ ಕೈಯಿಂದ ಹೊರಟ ಪುಟಗಳಲ್ಲಿ ಅದು ಅತ್ಯಂತ ಸುಂದರವಾದುದೆಂದು ನನ್ನ ಅನಿಸಿಕೆ. ಡ್ರೋನಿನ ಚಲನಚಿತ್ರ ಮುಖಪುಟದಲ್ಲಿ ಇಂದಿಗೂ ಓಡುತ್ತಲೇ ಇದೆ. ಅದನ್ನು ತೆಗೆಸಲು ಯಜಮಾನರ ಮನಸ್ಸು ಒಪ್ಪಲಿಲ್ಲ.

ಆ ಮಧ್ಯಾಹ್ನ ನಾನು ಮಾಡಿದ ಕೆಲಸದಲ್ಲಿ ಇಂಜಿನಿಯರಿಂಗ್ ವಿದ್ಯೆ ಎಷ್ಟಿತ್ತು? ಎದುರಿಗಿರುವವರನ್ನು ಕೇಳುವುದು, ಹೇಳಿದ್ದನ್ನು ಹೇಳಿದ ಹಾಗೆ ಬರೆದುಕೊಳ್ಳುವುದು, ಅದರಲ್ಲಿ ಮುಖ್ಯವಾದುದನ್ನು ಆರಿಸುವುದು, ಪದದ ತೂಕ ನೋಡುವುದು. ಸಮಾಜಶಾಸ್ತ್ರದ ಕ್ಷೇತ್ರಕಾರ್ಯದಲ್ಲಿ, ಕನ್ನಡದ ತರಗತಿಯಲ್ಲಿ ನಮಗೆ ಕಲಿಸಿದ್ದು ಇದನ್ನೇ ಅಲ್ಲವೆ? ಪುಟ ಕಟ್ಟುವ ಭಾಷೆಯನ್ನೂ ನಾವು ಕಲಿಯಬೇಕು, ಅದರಲ್ಲಿ ಸಂದೇಹವಿಲ್ಲ. ತಲೆಬರಹಕ್ಕೊಂದು, ಪ್ಯಾರಾಕ್ಕೊಂದು, ಕೊಂಡಿಗೊಂದು ಗುರುತು ಹಾಕುವ ಎಚ್.ಟಿ.ಎಂ.ಎಲ್. ಎಂಬುದು ಹಳಗನ್ನಡ ವ್ಯಾಕರಣಕ್ಕಿಂತ ಕಷ್ಟವಲ್ಲ ಎಂದು ಎರಡನ್ನೂ ಓದಿದವಳಾಗಿ ಹೇಳಬಲ್ಲೆ. ಪರೀಕ್ಷೆ ಮುಗಿದ ಬಿಡುವಿನಲ್ಲಿ ಗ್ರಂಥಾಲಯದ ಕಂಪ್ಯೂಟರಿನಲ್ಲಿ ಮೂರು ವಾರ ಕುಳಿತರೆ ಕೈಗೆ ಹತ್ತುತ್ತದೆ.

೨೦೨೨ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ, ಬರೆಯುವ ಕೆಲಸವನ್ನು ಯಂತ್ರವೇ ಮಾಡುತ್ತದೆ, ನಿನ್ನ ಕುರ್ಚಿ ಇನ್ನೆಷ್ಟು ದಿನ ಎಂದು ಹೆದರಿಸುವವರಿದ್ದಾರೆ. ಯಂತ್ರ ಬರೆಯುತ್ತದೆ, ಪುಟವನ್ನೂ ಕಟ್ಟುತ್ತದೆ. ನಮ್ಮ ಸಂಸ್ಥೆಯಲ್ಲಿಯೂ ಬಳಸುತ್ತಾರೆ. ‘ಗುಣಮಟ್ಟವೇ ನಮ್ಮ ಧ್ಯೇಯ’ ಎಂಬಂಥ ಸಾಲುಗಳನ್ನು ನಿಮಿಷಕ್ಕೆ ಐವತ್ತರಂತೆ ಉದುರಿಸುತ್ತದೆ. ಅದು ಹೊಸ ಲೋರೆಮ್ ಇಪ್ಸುಮ್. ಅರ್ಥವಿರುವಂತೆ ತೋರುವುದರಿಂದ ಹಳೆಯದಕ್ಕಿಂತ ಅಪಾಯಕರ. ಸುಮಂಗಳ ಸಸಿ ಈ ವಾರ ಮುಗಿದಿದೆಯೋ ಇಲ್ಲವೋ ಎಂಬುದು ನೆರಳುಬಲೆಯ ಕೆಳಗೆ ಹೋಗಿ ಕೇಳಿದವರಿಗೇ ಗೊತ್ತು.

ಪ್ರಾಸಂಗಿಕವಾಗಿ ಇನ್ನೊಂದು ಮಾತು. ನಿಮ್ಮ ಮನೆಯವರೋ ನೆಂಟರೋ ಜಾಲತಾಣ ಮಾಡಿಸುವುದಿದ್ದರೆ ಡೊಮೈನನ್ನು, ಎಂದರೆ ತಾಣದ ಹೆಸರನ್ನು, ಯಾರ ಹೆಸರಿನಲ್ಲಿ ನೋಂದಾಯಿಸುತ್ತಾರೆಂದು ಕೇಳಿಕೊಳ್ಳಿ. ಕಟ್ಟಿದ ಮೇಸ್ತ್ರಿಯ ಹೆಸರಿಗೇ ಮನೆಯ ಪತ್ರವಾಗುವಂತೆ, ಕಟ್ಟಿಕೊಟ್ಟ ಸಂಸ್ಥೆಯ ಹೆಸರಿನಲ್ಲಿ ಅದು ಉಳಿಯುವುದುಂಟು; ಮುಂದೆ ಜಗಳವಾದರೆ ಮಾಲೀಕನೇ ಬೀದಿಗೆ. ವರ್ಷವರ್ಷ ಹಣ ಕಟ್ಟಿ ನವೀಕರಿಸದಿದ್ದರೂ ಹೆಸರು ಕೈಬಿಟ್ಟುಹೋಗುತ್ತದೆ.

ಕಡೆಯದಾಗಿ ನಮ್ಮ ಈ ವಾರ್ಷಿಕ ಸಂಚಿಕೆಯ ವಿಷಯ. ಹೋದ ವರ್ಷದ ಸಂಚಿಕೆಯನ್ನು ಕಾಲೇಜಿನ ಜಾಲತಾಣದಲ್ಲಿ ಏರಿಸಿದ್ದಾರೆ, ಸಂತೋಷ. ಆದರೆ ಏರಿಸಿರುವುದು ಪುಟಗಳ ಫೋಟೋಗಳನ್ನು. ಅದರಲ್ಲಿ ಯಾರದೋ ಒಳ್ಳೆಯ ಪ್ರಬಂಧವಿದೆ, ಯಾರದೋ ಮೊದಲ ಕವನವಿದೆ. ಹೆಸರು ಕೊಟ್ಟು ಹುಡುಕಿದರೆ ಒಂದೂ ಸಿಕ್ಕುವುದಿಲ್ಲ. ನಮ್ಮ ದೃಷ್ಟಿಹೀನ ಗೆಳೆಯ ಬರೆದ ಲೇಖನವೂ ಅದರಲ್ಲಿದೆ. ಅಚ್ಚಾದ ಮ್ಯಾಗಜೀನು ಅವನ ಕೈಯಲ್ಲಿತ್ತು, ಜಾಲತಾಣದ ಪ್ರತಿ ಅವನ ಮೊಬೈಲಿನಲ್ಲಿತ್ತು; ಎರಡರಲ್ಲಿಯೂ ತನ್ನ ಲೇಖನವನ್ನು ಅವನೊಬ್ಬನೇ ಓದಿಕೊಳ್ಳಲಾಗಲಿಲ್ಲ. ನಾನು ಓದಿ ಹೇಳಿದೆ. ಅಚ್ಚಿನ ಎರಡು ತಪ್ಪುಗಳನ್ನು ಅವನು ಕೇಳಿಯೇ ಹಿಡಿದ.

ಆದುದರಿಂದ ಈ ವರ್ಷ ಅಂತಿಮ ಬಿ.ಎ.ಯ ನಾವು ಐವರು ಸೇರಿ ಒಂದು ಯೋಚನೆ ಮಾಡಿದ್ದೇವೆ. ಮುದ್ರಣಾಲಯದಲ್ಲಿ ಹಳೆಯ ಫಾಂಟಿನಲ್ಲಿ ಜೋಡಿಸಿರುವ ಈ ಸಂಚಿಕೆಯ ಬರಹವನ್ನು ಯೂನಿಕೋಡಿಗೆ ತಿರುಗಿಸಿ, ಒಂದೊಂದು ಲೇಖನವನ್ನೂ ಒಂದೊಂದು ಪುಟವಾಗಿ ಜಾಲತಾಣದಲ್ಲಿ ಇಡುವುದು. ತಿರುಗಿಸುವ ತಂತ್ರಾಂಶ ಪುಕ್ಕಟೆಯಾಗಿ ದೊರೆಯುತ್ತದೆ. ಅರ್ಕಾವತ್ತುಗಳು ಮಾತ್ರ ಆಗಾಗ ಸ್ಥಾನ ತಪ್ಪುತ್ತವೆ, ಕಣ್ಣಿಟ್ಟು ತಿದ್ದಬೇಕು. ನೂರು ಪುಟವೆಂದರೆ ತಲೆಗೆ ಇಪ್ಪತ್ತು, ವಾರದ ಕೆಲಸ. ತಿದ್ದಿದ್ದನ್ನು ಕೊನೆಗೊಮ್ಮೆ ಕೇಳಿ ನೋಡುವುದಾಗಿ ಆ ಗೆಳೆಯನೇ ಒಪ್ಪಿಕೊಂಡಿದ್ದಾನೆ. ನಾಲ್ಕು ಗಂಟೆಯ ಮೇಲೆ ಗ್ರಂಥಾಲಯದ ಒಂದು ಕಂಪ್ಯೂಟರು ಬೇಕು. ಮುದ್ರಣಾಲಯದವರು ಫೈಲನ್ನು ಪೆನ್‌ಡ್ರೈವಿನಲ್ಲಿ ಕೊಡುತ್ತೇವೆಂದಿದ್ದಾರೆ. ಪ್ರಾಂಶುಪಾಲರ ಅಪ್ಪಣೆಯೊಂದು ಬಾಕಿ ಇದೆ.